ನಮ್ಮ ಮಾರಿಯೋ ನಿಧಾನಕ್ಕೆ ಓಡುತ್ತಿದ್ದ

ಲ್ಯಾಪ್‌ಟಾಪಿಗೆ ಎಮ್ಯುಲೇಟರ್ (ಹಳೇ ಆಟದ ಯಂತ್ರದಂತೆ ವರ್ತಿಸುವ ಸಾಫ್ಟ್‌ವೇರ್) ಹಾಕಿಕೊಂಡು, ಇಪ್ಪತ್ತೈದು ವರ್ಷದ ಮೇಲೆ ಮತ್ತೆ ಮಾರಿಯೋ ಆಡಲು ಕೂತವರ ಕಥೆ ಹೆಚ್ಚುಕಮ್ಮಿ ಒಂದೇ. ಟ್ಯೂನ್ ಕಿವಿಗೆ ಬಿದ್ದ ತಕ್ಷಣ ಮೈ ಜುಮ್ಮೆನ್ನುತ್ತದೆ. ಒಂದು ಕಾಲದಲ್ಲಿ ಕಣ್ಣು ಮುಚ್ಚಿ ದಾಟುತ್ತಿದ್ದ ಗುಂಡಿಯೊಳಕ್ಕೇ ಮಾರಿಯೋ ಬೀಳುತ್ತಾನೆ. ಮತ್ತೆ ಬೀಳುತ್ತಾನೆ. ಹತ್ತು ನಿಮಿಷಕ್ಕೆ ಸಾಕೆನಿಸುತ್ತದೆ. ಅಷ್ಟರಲ್ಲಿ ಯಾರಾದರೂ ಪಕ್ಕಕ್ಕೆ ಬಂದರೆ ವಿಂಡೋ ಮುಚ್ಚಿ ಆಫೀಸಿನ ಮೇಲ್ ತೆರೆದುಕೊಳ್ಳುತ್ತಾರೆ. ‘ಇದಕ್ಕೋಸ್ಕರವೇ ಆಗ ಊಟ ಬಿಟ್ಟು ಕೂತಿದ್ದೆನಾ’ ಅನ್ನುವ ಮುಜುಗರ ಬೇರೆ.

ಈ ನಿರಾಸೆಗೆ ಎರಡು ಪಾಲಿದೆ. ಒಂದು ಮನಸ್ಸಿನದು, ವಯಸ್ಸಿನದು. ಇನ್ನೊಂದು ಅಪ್ಪಟ ವೈರು, ಚಿಪ್ಪು, ಟಿವಿಗೆ ಸೇರಿದ್ದು. ಅದನ್ನು ಸ್ಟಾಪ್‌ವಾಚ್ ಹಿಡಿದು ಅಳೆಯಬಹುದು. ನಿಟ್ಟುಸಿರೆಲ್ಲ ಮೊದಲನೆಯದರ ಮೇಲೆಯೇ ಖರ್ಚಾಗುತ್ತದೆ. ಆದರೆ ಎರಡನೆಯದನ್ನು ಸರಿಮಾಡಿಕೊಳ್ಳುವವರೆಗೆ ಮೊದಲನೆಯದು ಎಷ್ಟಿದೆ ಅಂತ ಗೊತ್ತಾಗುವುದೇ ಇಲ್ಲ. ಈಗ ಪರದೆಯ ಮೇಲೆ ಓಡುತ್ತಿರುವುದು ಆಗ ಆಡಿದ ಆಟವೇ ಅಲ್ಲವಲ್ಲ.

ಜಪಾನಿನ ನಿಂಟೆಂಡೊ ಕಂಪನಿ 1983ರ ಜುಲೈನಲ್ಲಿ ‘ಫ್ಯಾಮಿಲಿ ಕಂಪ್ಯೂಟರ್’ ಎಂಬ ಆಟದ ಯಂತ್ರವನ್ನು ಮಾರುಕಟ್ಟೆಗೆ ಬಿಟ್ಟಿತು. ಜನರ ಬಾಯಲ್ಲಿ ಅದು ಫ್ಯಾಮಿಕಾಮ್ ಆಯಿತು. ತೊಂಬತ್ತರ ದಶಕದಲ್ಲಿ ನಮ್ಮ ಊರುಗಳ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ‘ಟಿವಿ ಗೇಮ್’ ಅಂತ ಸಿಗುತ್ತಿದ್ದ ಡಬ್ಬಿ ಅದರ ನಕಲು. ಡಬ್ಬಿಯ ಮೇಲೆ ಮೀಡಿಯಾ, ಲಿಟ್ಲ್ ಮಾಸ್ಟರ್ ಅಂತ ಏನೇನೋ ಹೆಸರು. ನಿಂಟೆಂಡೊ ಹೆಸರಂತೂ ಇರುತ್ತಿರಲಿಲ್ಲ. ಒಳಗೆ ತೈವಾನ್ ಕಡೆಯ ನಕಲು ಚಿಪ್ಪು, ಆಮೇಲಾಮೇಲೆ ಎಲ್ಲವನ್ನೂ ಒಂದೇ ಚಿಪ್ಪಿಗೆ ತುರುಕಿ ಮೇಲೊಂದು ಕರಿ ಅಂಟಿನ ಬೊಟ್ಟು. ಕೆಲಸಕ್ಕೆ ಸಿಗುತ್ತಿದ್ದ ಮೆಮೊರಿ 2 ಕೆಬಿ. ನಾವು ‘ಕ್ಯಾಸೆಟ್’ ಅನ್ನುತ್ತಿದ್ದುದರಲ್ಲಿ ಟೇಪು ಇರಲಿಲ್ಲ. 60 ಪಿನ್ನಿನ ಒಂದು ಬೋರ್ಡು, ಅದರ ಮೇಲೆ ಆಟ ತುಂಬಿದ ಚಿಪ್ಪು. ಸೂಪರ್ ಮಾರಿಯೋ ಬ್ರದರ್ಸ್ ಇಡೀ ಆಟದ ಗಾತ್ರ 40 ಕೆಬಿ. ಈಗ ವಾಟ್ಸಾಪಿನಲ್ಲಿ ಬರುವ ‘ಶುಭೋದಯ’ದ ಚಿತ್ರ ಅದಕ್ಕಿಂತ ದೊಡ್ಡದು.

ಆ ಡಬ್ಬಿಯ ದೊಡ್ಡ ಗುಟ್ಟು ಇರುವುದು ಟಿವಿಯಲ್ಲಿ. ಜಪಾನಿನ ಟಿವಿ ಸೆಕೆಂಡಿಗೆ 60 ಸಲ ಪರದೆ ತುಂಬುತ್ತಿತ್ತು. ನಮ್ಮದು ಪಾಲ್ ಪದ್ಧತಿ, ಸೆಕೆಂಡಿಗೆ 50 ಸಲ. ಮಾರಿಯೋ ಆಟಕ್ಕೆ ಸೆಕೆಂಡು ಗೊತ್ತಿಲ್ಲ. ಅದು ಎಣಿಸುವುದು ಚೌಕಟ್ಟುಗಳನ್ನು, ಅಂದರೆ ಫ್ರೇಮುಗಳನ್ನು. ಪ್ರತಿ ಫ್ರೇಮಿಗೆ ಇಷ್ಟು ಹೆಜ್ಜೆ, ಇಷ್ಟು ಫ್ರೇಮಿಗೊಂದು ಸ್ವರ. 60ಕ್ಕೆಂದು ಬರೆದ ಆಟವನ್ನು ಹಾಗೇ ಎತ್ತಿ 50ರ ಡಬ್ಬಿಗೆ ಹಾಕಿದರೆ ಎಲ್ಲವೂ ಆರರಲ್ಲಿ ಐದು ಪಾಲು ವೇಗದಲ್ಲಿ ನಡೆಯುತ್ತದೆ: ಮಾರಿಯೋನ ಓಟ, ಆಮೆಯ ನಡಿಗೆ, ಗುಂಡು ಹಾರಿಸುವ ಕಾಂಟ್ರಾ ಆಟದ ಗುಂಡು, ಹಿನ್ನೆಲೆಯ ಸಂಗೀತ. ಪಾಲ್ ಟಿವಿಗೆಂದು ತಯಾರಾದ ನಕಲು ಡಬ್ಬಿಗಳಲ್ಲಿ ಆಗುತ್ತಿದ್ದುದು ಇದೇ. ಯುರೋಪಿಗೆ ತಾನೇ ಮಾರಿದ ಮಾರಿಯೋವನ್ನು ನಿಂಟೆಂಡೊ 50ಕ್ಕೆ ಹೊಂದುವಂತೆ ತಿದ್ದಿತ್ತು. ನಕಲು ಮಾಡುವವರಿಗೆ ಆ ಉಸಾಬರಿ ಯಾಕೆ?

ಈಗಿನ ಎಮ್ಯುಲೇಟರುಗಳು ಏನೂ ಕೇಳದೆ 60ರಲ್ಲೇ ಓಡಿಸುತ್ತವೆ. ಅಂದರೆ ನಮ್ಮ ಬೆರಳು ಕಲಿತಿರುವುದಕ್ಕಿಂತ ಶೇಕಡಾ 20ರಷ್ಟು ಜೋರಾಗಿ. ‘ವಯಸ್ಸಾಯ್ತು, ಕೈ ಓಡುತ್ತಿಲ್ಲ’ ಅನ್ನುವ ಮೊದಲು ಒಂದು ಪರೀಕ್ಷೆ ಮಾಡಿ. 1-1, ಅಂದರೆ ಮೊದಲ ವರ್ಲ್ಡಿನ ಮೊದಲ ಸ್ಟೇಜ್, ಶುರುವಾದ ಮೇಲೆ ಏನನ್ನೂ ಒತ್ತದೆ ಮಾರಿಯೋನನ್ನು ನಿಂತಲ್ಲೇ ಬಿಡಿ. ನೀವು ಮುಂದೆ ಹೋಗದಿದ್ದರೆ ಶತ್ರುವೂ ಬರುವುದಿಲ್ಲ. ಮೇಲಿನ ಬಲಮೂಲೆಯಲ್ಲಿ ಟೈಮ್ 400ರಿಂದ ಇಳಿಯುತ್ತಿರುತ್ತದೆ. ಅದು 24 ಫ್ರೇಮಿಗೆ ಒಂದರಂತೆ ಇಳಿಯುವ ಲೆಕ್ಕ. 400ರಿಂದ 300ಕ್ಕೆ ಬರಲು ಮೊಬೈಲಿನ ಸ್ಟಾಪ್‌ವಾಚಿನಲ್ಲಿ 40 ಸೆಕೆಂಡು ಬಂದರೆ ಅದು ಜಪಾನಿನ ವೇಗ. 48 ಬಂದರೆ ನಮ್ಮ ವೇಗ. ಅಟ್ಟದ ಮೇಲೆ ಹಳೇ ಡಬ್ಬಿ ಇನ್ನೂ ಇದ್ದು ಓಡುತ್ತಿದ್ದರೆ ಅದಕ್ಕೂ ಇದೇ ಪರೀಕ್ಷೆ. 60ರ ಡಬ್ಬಿಯನ್ನು ಪಾಲ್ ಮಾತ್ರ ತಿಳಿಯುವ ಟಿವಿಗೆ ಸಿಕ್ಕಿಸಿದರೆ ಚಿತ್ರ ಉರುಳುತ್ತದೆ, ಇಲ್ಲವೇ ಬಣ್ಣ ಹೋಗಿ ಕಪ್ಪುಬಿಳುಪಾಗುತ್ತದೆ.

ಸರಿಮಾಡುವುದು ಸುಲಭ. ಮೆಸೆನ್, ಎಫ್‌ಸಿಇಯುಎಕ್ಸ್ ಎಂಬ ಎರಡೂ ಎಮ್ಯುಲೇಟರುಗಳಲ್ಲಿ ರೀಜನ್ ಅನ್ನುವ ಆಯ್ಕೆಯಿದೆ. ಅದರಲ್ಲಿ ‘ಪಾಲ್’ ಅಲ್ಲ, ‘ಡೆಂಡಿ’ ಆರಿಸಿ. ಡೆಂಡಿ ಅನ್ನುವುದು ರಷ್ಯಾದಲ್ಲಿ ಮಾರಾಟವಾದ ಇದೇ ಜಾತಿಯ ನಕಲು ಡಬ್ಬಿ. ಎರಡಕ್ಕೂ ವ್ಯತ್ಯಾಸವಿದೆ: ಅಸಲಿ ಪಾಲ್ ಯಂತ್ರದಲ್ಲಿ ಪ್ರೊಸೆಸರೂ ನಿಧಾನ, ಹಾಗಾಗಿ ಸಂಗೀತದ ಶ್ರುತಿಯೇ ಇಳಿಯುತ್ತದೆ. ನಕಲು ಡಬ್ಬಿಯಲ್ಲಿ ಪ್ರೊಸೆಸರ್ ಹೆಚ್ಚುಕಮ್ಮಿ ಜಪಾನಿನ ವೇಗದ್ದೇ (1.77 ಮೆಗಾಹರ್ಟ್ಸ್, ಅಸಲಿ 1.79). ಶ್ರುತಿ ಅಲ್ಲೇ ನಿಲ್ಲುತ್ತದೆ, ತಾಳ ಮಾತ್ರ ವಿಳಂಬ. ಆ ಕಾಲದ ಮಾರಿಯೋ ಹಾಡಿನ ಸೋಮಾರಿತನ ಇದು.

ಇನ್ನೂ ಏನೋ ಬೇರೆ ಥರ ಕೇಳುತ್ತಿದೆ ಅನಿಸಿದರೆ ನಿಮ್ಮ ಕಿವಿ ಸರಿಯಾಗೇ ಇದೆ. ಕೆಲವು ನಕಲು ಚಿಪ್ಪುಗಳಲ್ಲಿ ಚೌಕ ಅಲೆಯ ಸ್ವರದ ಎರಡು ರೂಪಗಳು, ಅಲೆ ಪ್ರತಿ ಸುತ್ತಿನಲ್ಲಿ ಶೇಕಡಾ 25 ಹೊತ್ತು ಮೇಲಿರುವುದು ಮತ್ತು 50 ಹೊತ್ತು ಮೇಲಿರುವುದು, ಅದಲುಬದಲಾಗಿದ್ದವು. ಅದರಿಂದ ತೆಳ್ಳಗೆ ಕೇಳಬೇಕಾದದ್ದು ದಪ್ಪಗೆ, ದಪ್ಪದ್ದು ತೆಳ್ಳಗೆ ಕೇಳುತ್ತಿತ್ತು. ಎಮ್ಯುಲೇಟರ್ ಬರೆದವರು ಈ ತಪ್ಪನ್ನೂ ಬಿಟ್ಟಿಲ್ಲ: ಸೌಂಡ್ ಸೆಟ್ಟಿಂಗುಗಳಲ್ಲಿ ‘ಸ್ವಾಪ್ ಡ್ಯೂಟಿ ಸೈಕಲ್ಸ್’ ಅನ್ನುವುದಕ್ಕೆ ಟಿಕ್ ಹಾಕಿ ನೋಡಿ. ಯಂತ್ರದ ದೋಷವೊಂದು ಇಷ್ಟು ಜನರ ಬಾಲ್ಯದ ದನಿಯಾಗಿ ಕೂತಿರುವುದು ತಮಾಷೆಯೇ.

50ಕ್ಕೆ ಇಳಿಸಿದ ಮೇಲೆ ಹೊಸ ತೊಂದರೆಯೊಂದು ಬರುತ್ತದೆ. ಲ್ಯಾಪ್‌ಟಾಪಿನ ಪರದೆ 60 ಹರ್ಟ್ಸಿನದು. ಅದರ ಮೇಲೆ 50 ಫ್ರೇಮು ತೋರಿಸಲು ಆರಕ್ಕೊಂದರಂತೆ ಹಳೇ ಫ್ರೇಮನ್ನೇ ಮತ್ತೆ ತೋರಿಸಬೇಕಾಗುತ್ತದೆ. ಹಿನ್ನೆಲೆ ಸರಿಯುವಾಗ ಕುಂಟಿದಂತೆ ಕಾಣುತ್ತದೆ. ಎಚ್‌ಡಿಎಂಐ ಕೇಬಲ್ಲಿನಲ್ಲಿ ಟಿವಿಗೆ ಸಿಕ್ಕಿಸಿ, ಕಂಪ್ಯೂಟರಿನ ಡಿಸ್‌ಪ್ಲೇ ಸೆಟ್ಟಿಂಗಿನಲ್ಲಿ ರಿಫ್ರೆಶ್ ರೇಟನ್ನು 50 ಅಥವಾ 100ಕ್ಕೆ ಇಟ್ಟರೆ ಕುಂಟು ಹೋಗುತ್ತದೆ. ಅಲ್ಲೇ ಚಿತ್ರದ ಅಳತೆ 4:3 ಇದೆಯಾ ನೋಡಿ. 16:9ಕ್ಕೆ ಹಿಗ್ಗಿಸಿದರೆ ಮಾರಿಯೋ ಮದುವೆ ಊಟ ಮುಗಿಸಿ ಬಂದವನ ಹಾಗೆ ಕಾಣುತ್ತಾನೆ.

ಗುಂಡಿಗೆ ಬೀಳುವ ಮರ್ಮ

ಬಟನ್ ಒತ್ತುವುದಕ್ಕೂ ಪರದೆಯಲ್ಲಿ ಮಾರಿಯೋ ಹಾರುವುದಕ್ಕೂ ನಡುವೆ ಕಳೆಯುವ ಹೊತ್ತಿಗೆ ಲ್ಯಾಗ್ ಅನ್ನುತ್ತಾರೆ. ಹಳೇ ಪಿಕ್ಚರ್ ಟ್ಯೂಬಿನ ಟಿವಿಗೆ ಸಿಗ್ನಲ್ ಬಂದದ್ದೇ ತಡ, ಆ ಗೆರೆ ಪರದೆಯ ಮೇಲೆ. ಹೊಸ ಟಿವಿ ಹಾಗಲ್ಲ. ಬಂದ ಚಿತ್ರವನ್ನು ಮೊದಲು ಹಿಡಿದಿಟ್ಟು, ಹಿಗ್ಗಿಸಿ, ನುಣುಪು ಮಾಡಿ ಆಮೇಲೆ ತೋರಿಸುತ್ತದೆ. ಇದಕ್ಕೆ 80 ಮಿಲಿಸೆಕೆಂಡು ಆಯಿತೆನ್ನೋಣ. 60ರ ಲೆಕ್ಕದಲ್ಲಿ ಅದು ಸುಮಾರು 5 ಫ್ರೇಮು. ಬಿ ಬಟನ್ ಒತ್ತಿ ಓಡುವ ಮಾರಿಯೋ ಪ್ರತಿ ಫ್ರೇಮಿಗೆ ಎರಡೂವರೆ ಪಿಕ್ಸೆಲ್ ಮುಂದೆ ಹೋಗುತ್ತಾನೆ. 5 ಫ್ರೇಮಿಗೆ ಹನ್ನೆರಡೂವರೆ. ಒಂದು ಇಟ್ಟಿಗೆಯ ಅಗಲ 16 ಪಿಕ್ಸೆಲ್. ಗುಂಡಿಯ ಅಂಚಿಗೆ ಬಂದಾಗ ಹಾರಬೇಕೆಂದು ಕಲಿತ ಬೆರಳು ಸರಿಯಾದ ಹೊತ್ತಿಗೇ ಒತ್ತಿದೆ. ಅಷ್ಟರಲ್ಲಿ ಮಾರಿಯೋ ಮುಕ್ಕಾಲು ಇಟ್ಟಿಗೆ ಮುಂದೆ ಹೋಗಿ ಗುಂಡಿಯೊಳಗಿದ್ದಾನೆ.

ಮಾಡಬೇಕಾದ್ದು ಇಷ್ಟು. ಟಿವಿಯಲ್ಲಿ ‘ಗೇಮ್ ಮೋಡ್’ ಹಾಕಿ. ಲ್ಯಾಗ್ ಕಡಿಮೆ ಮಾಡುವುದರಲ್ಲಿ ಇದೇ ದೊಡ್ಡ ಹೆಜ್ಜೆ. ಬ್ಲೂಟೂತ್ ಬದಲು ವೈರಿನ ಯುಎಸ್‌ಬಿ ರಿಮೋಟು ಬಳಸಿ. ರೆಟ್ರೋಆರ್ಕ್ ಎಂಬ ಎಮ್ಯುಲೇಟರ್ ಬಳಸುವವರು ಲೇಟೆನ್ಸಿ ಮೆನುವಿನಲ್ಲಿ ‘ರನ್ ಅಹೆಡ್’ (ಮುಂದಿನ ಫ್ರೇಮನ್ನು ಮೊದಲೇ ಲೆಕ್ಕಹಾಕಿ ತೋರಿಸುವ ಆಯ್ಕೆ) ಆನ್ ಮಾಡಿ 1 ಫ್ರೇಮಿಗೆ ಇಡಿ. ಅದಕ್ಕಿಂತ ಹೆಚ್ಚಿಸಿದರೆ ಹಾರುವ ಚಿತ್ರದ ಮೊದಲ ಫ್ರೇಮೇ ತಪ್ಪಿ ಮಾರಿಯೋ ಒಮ್ಮೆಲೇ ಗಾಳಿಯಲ್ಲಿದ್ದಂತೆ ಕಾಣಬಹುದು. ಕೀಬೋರ್ಡಿನಲ್ಲಿ ಕಾಂಟ್ರಾ ಆಡಿ ಸೋತವರಿಗೆ ಇನ್ನೊಂದು ಮಾತು: ನಕಲು ಡಬ್ಬಿಯ ರಿಮೋಟಿನಲ್ಲಿ ಎ, ಬಿ ಮೇಲೆ ಇನ್ನೆರಡು ಟರ್ಬೊ ಬಟನ್ ಇರುತ್ತಿದ್ದವು, ಒತ್ತಿ ಹಿಡಿದರೆ ತಾನೇ ಪಟಪಟ ಹೊಡೆಯುತ್ತಿತ್ತು. ಎಮ್ಯುಲೇಟರಿನಲ್ಲಿ ಟರ್ಬೊ ಬೇರೆಯಾಗಿ ಹೊಂದಿಸಬೇಕು. ಅದಿಲ್ಲದೆ ಆಡಿ ‘ಆಗ ಎಷ್ಟು ಚೆನ್ನಾಗಿ ಆಡುತ್ತಿದ್ದೆ’ ಅಂದುಕೊಳ್ಳುವುದು ಅನ್ಯಾಯ.

ಬಾತುಕೋಳಿ ಹೊಡೆಯುವ ಗನ್ನು ಹೊಸ ಟಿವಿಯಲ್ಲಿ ಕೆಲಸ ಮಾಡುವುದಿಲ್ಲ. ಗನ್ನಿನಿಂದ ಏನೂ ಹೊರಗೆ ಹೋಗುತ್ತಿರಲಿಲ್ಲ. ಅದರ ನಳಿಗೆಯಲ್ಲಿ ಬೆಳಕು ಗ್ರಹಿಸುವ ಒಂದು ಕಣ್ಣಿತ್ತು. ಕುದುರೆ ಎಳೆದ ಕ್ಷಣ ಪರದೆ ಒಂದು ಫ್ರೇಮು ಪೂರ್ತಿ ಕಪ್ಪಾಗಿ, ಮರುಫ್ರೇಮಿನಲ್ಲಿ ಹಕ್ಕಿ ಇದ್ದ ಜಾಗದಲ್ಲಿ ಮಾತ್ರ ಬಿಳಿ ಚೌಕ. ಕಪ್ಪಾದ ಮೇಲೆ ಬಿಳಿ ಕಂಡರೆ ಗುರಿ ತಾಗಿತು. ಎಲ್‌ಇಡಿ ಟಿವಿ ಆ ಬಿಳಿ ಚೌಕವನ್ನು ತಡವಾಗಿ ತೋರಿಸುವ ಹೊತ್ತಿಗೆ ಆಟ ‘ತಪ್ಪಿತು’ ಅಂತ ತೀರ್ಮಾನಿಸಿ ಆಗಿರುತ್ತದೆ, ಆಟದೊಳಗಿನ ನಾಯಿ ನಮ್ಮನ್ನು ನೋಡಿ ನಗುತ್ತಿರುತ್ತದೆ. ಎಮ್ಯುಲೇಟರಿನಲ್ಲಿ ಮೌಸನ್ನೇ ಗನ್ನು ಮಾಡಿಕೊಳ್ಳಬೇಕು.

ಇನ್ನು 9999 ಆಟ ಇದೆ ಅಂತ ಹೇಳಿಕೊಳ್ಳುತ್ತಿದ್ದ ಕ್ಯಾಸೆಟ್. ಚಿಕ್ಕ ಆಟ ಅಂದರೆ ಬ್ಯಾಟಲ್ ಸಿಟಿ, ನಮ್ಮ ‘ಟ್ಯಾಂಕ್’, 24 ಕೆಬಿ. ಅಂಥವೇ 9999 ತುಂಬಬೇಕೆಂದರೂ ಸುಮಾರು 240 ಎಂಬಿ ಬೇಕು. ಆ ಅಗ್ಗದ ಚಿಪ್ಪುಗಳು ಅದರ ನೂರರಲ್ಲೊಂದು ಪಾಲಿನ ಆಸುಪಾಸಿನವು. ಇದ್ದದ್ದು ಬೆರಳೆಣಿಕೆಯ ಆಟ. ಉಳಿದದ್ದೆಲ್ಲ ಅವವೇ, ಮೂರನೇ ಸ್ಟೇಜಿನಿಂದ ಶುರು, ಗನ್ನು ಬೇರೆ, ಲೈಫ್ ಹೆಚ್ಚು, ಹೆಸರು ಬೇರೆ. ಮೂರು ಲೈಫಿನ ಕಾಂಟ್ರಾಗೆ 30 ಲೈಫ್ ಕೊಡುವ ಆ ಸುಪ್ರಸಿದ್ಧ ಕೋಡ್ (ಮೇಲೆ ಮೇಲೆ, ಕೆಳಗೆ ಕೆಳಗೆ, ಎಡ ಬಲ, ಎಡ ಬಲ, ಬಿ, ಎ) ಕಾಂಟ್ರಾ ಮಾಡಿದ ಕೊನಾಮಿ ಕಂಪನಿಯ ಕಝುಹಿಸಾ ಹಾಶಿಮೊಟೊ 1986ರ ಗ್ರೇಡಿಯಸ್ ಆಟವನ್ನು ಪರೀಕ್ಷಿಸಲು ತನಗೆಂದೇ ಮಾಡಿಕೊಂಡದ್ದು. ಇಂಥ ಕ್ಯಾಸೆಟ್ಟಿನವರಿಗೆ ಅದರ ಅಗತ್ಯವೇ ಬೀಳುತ್ತಿರಲಿಲ್ಲ. ಪಟ್ಟಿಯಲ್ಲಿ ಕೆಳಗೆಲ್ಲೋ 30 ಲೈಫಿನ ಕಾಂಟ್ರಾ ತಯಾರಾಗಿ ಕೂತಿರುತ್ತಿತ್ತು.

ಅಟ್ಟದ ಡಬ್ಬಿಯನ್ನೇ ಇಳಿಸುವವರಿಗೆ

ಮೊದಲು ಅಡಾಪ್ಟರ್. ಸಿಕ್ಕಿದ್ದನ್ನು ಚುಚ್ಚಬೇಡಿ. ಈ ಡಬ್ಬಿಗಳಲ್ಲಿ ಹೆಚ್ಚಿನವು 9 ವೋಲ್ಟಿನವು. ಅಸಲಿ ಫ್ಯಾಮಿಕಾಮಿನಲ್ಲಿ ಪಿನ್ನಿನ ಒಳಭಾಗ ನೆಗೆಟಿವ್. ಈಗಿನ ಅಡಾಪ್ಟರುಗಳಲ್ಲಿ ಸಾಮಾನ್ಯವಾಗಿ ಒಳಭಾಗ ಪಾಸಿಟಿವ್. ಡಬ್ಬಿಯ ತಳದ ಗುರುತನ್ನೂ ಅಡಾಪ್ಟರಿನ ಗುರುತನ್ನೂ ಹೋಲಿಸಿ, ಮಲ್ಟಿಮೀಟರನ್ನು 20 ವೋಲ್ಟ್ ಡಿಸಿಗೆ ಇಟ್ಟು ಖಾತ್ರಿ ಮಾಡಿಕೊಳ್ಳಿ. ಉಲ್ಟಾ ಕೊಟ್ಟರೆ, ರಕ್ಷಣೆಗೆ ಡಯೋಡ್ ಇಲ್ಲದ ಡಬ್ಬಿಯಲ್ಲಿ ರೆಗ್ಯುಲೇಟರೋ ಕೆಪಾಸಿಟರೋ ಸುಡುತ್ತದೆ. ಭಾರದ ಹಳೇ ಟ್ರಾನ್ಸ್‌ಫಾರ್ಮರ್ ಅಡಾಪ್ಟರಿಗೆ ಏನೂ ಸಿಕ್ಕಿಸದೆ ಅಳೆದಾಗ 9ರ ಬದಲು 12-13 ತೋರಿಸಿದರೆ ಗಾಬರಿ ಬೇಡ, ಅದರ ಸ್ವಭಾವವೇ ಹಾಗೆ.

ಡಬ್ಬಿ ಬಿಚ್ಚಿದರೆ ಮೂರು ಕಾಲಿನ 7805 ಅನ್ನುವ ರೆಗ್ಯುಲೇಟರ್ ಕಾಣುತ್ತದೆ. ಬರಹ ನಿಮ್ಮ ಕಡೆ ಇರುವಂತೆ ನೋಡಿದರೆ ಎಡಗಾಲು ಒಳಬರುವ ಕರೆಂಟು, ನಡುವಿನದು ಗ್ರೌಂಡ್, ಬಲಗಾಲು ಹೊರಹೋಗುವ 5 ವೋಲ್ಟ್. ಬಲಕ್ಕೂ ನಡುವಿಗೂ 4.8ರಿಂದ 5.2 ಇದ್ದರೆ ಸರಿ. ಎಡಗಾಲಿಗೆ ಕರೆಂಟು ಬಂದು ಬಲಗಾಲಿನಲ್ಲಿ ಏನೂ ಇಲ್ಲದಿದ್ದರೆ ಅದನ್ನೇ ಬದಲಿಸಿ, ದೊಡ್ಡ ಖರ್ಚಲ್ಲ. ಚಿತ್ರದ ಮೇಲೆ ಅಡ್ಡ ಪಟ್ಟಿಗಳು ತೇಲುತ್ತ ಸ್ಪೀಕರಿನಲ್ಲಿ ‘ಗುಂಯ್’ ಅಂದರೆ ಒಣಗಿದ ಕೆಪಾಸಿಟರ್. ಅಷ್ಟೇ ಮೈಕ್ರೋಫ್ಯಾರಡಿನ, ಅಷ್ಟೇ ಅಥವಾ ಹೆಚ್ಚು ವೋಲ್ಟಿನದು ಹಾಕಿ. ಮೈಮೇಲೆ ಪಟ್ಟಿ ಇರುವ ಕಾಲು ನೆಗೆಟಿವ್.

ಪರದೆ ಒಂದೇ ಬಣ್ಣದಲ್ಲಿ ನಿಂತರೆ, ಅಥವಾ ಆಟ ಶುರುವಾಗಿ ಗೋಡೆ-ಮೋಡಗಳ ಜಾಗದಲ್ಲಿ ಅಕ್ಷರ, ಚೂರುಪಾರು ಕಂಡರೆ ಕ್ಯಾಸೆಟ್ಟಿನ ಪಿನ್ನು ಕೂತಿಲ್ಲ. ಊದಬೇಡಿ. ಊದಿದ್ದರಿಂದ ಸರಿಹೋಯಿತು ಅನಿಸುತ್ತಿತ್ತು, ನಿಜಕ್ಕೂ ಸರಿಮಾಡಿದ್ದು ತೆಗೆದು ಮತ್ತೆ ಹಾಕಿದ್ದು. ಉಸಿರಿನ ತೇವ ಪಿನ್ನಿಗೆ ಕಿಲುಬು ಹಿಡಿಸಿತು. ಬಿಳಿ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಒರೆಸಿ, ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಹತ್ತಿಕಡ್ಡಿಯಿಂದ ಎರಡೂ ಬದಿ ಒರೆಸಿ, ಐದು ನಿಮಿಷ ಆರಲು ಬಿಟ್ಟು ಹಾಕಿ. ರಿಮೋಟಿನ ಒಂದೇ ಬಟನ್ ಕೈಕೊಟ್ಟರೆ ಒಳಗಿನ ರಬ್ಬರಿನ ಕಪ್ಪು ಚುಕ್ಕಿ ಕೊಳೆಯಾಗಿದೆ. ಎಲ್ಲವೂ ಬಿಟ್ಟು ಬಿಟ್ಟು ಕೆಲಸ ಮಾಡಿದರೆ ವೈರು ರಿಮೋಟಿನ ಬುಡದಲ್ಲಿ ಒಳಗೇ ತುಂಡಾಗಿದೆ. ಪಿಕ್ಚರ್ ಟ್ಯೂಬಿನ ಟಿವಿಯನ್ನು ಮಾತ್ರ ಬಿಚ್ಚಬೇಡಿ. ಅದರೊಳಗೆ ಸಾವಿರಗಟ್ಟಲೆ ವೋಲ್ಟು, ಪ್ಲಗ್ ಕಿತ್ತ ಮೇಲೂ ಉಳಿದಿರುತ್ತದೆ.

ಅಂದಹಾಗೆ ‘ಗೇಮ್ ಆಡಿದರೆ ಪಿಕ್ಚರ್ ಟ್ಯೂಬ್ ಹೋಗುತ್ತೆ’ ಅನ್ನುವ ಮನೆ ಹಿರಿಯರ ಮಾತು ಪೂರ್ತಿ ಸುಳ್ಳಲ್ಲ. ಅಲುಗಾಡದ ಚಿತ್ರ ತುಂಬಾ ಹೊತ್ತು ಜಾಸ್ತಿ ಬ್ರೈಟ್‌ನೆಸ್ಸಿನಲ್ಲಿ ನಿಂತರೆ ಪರದೆಯ ಒಳಲೇಪ ಸುಟ್ಟು ಕಲೆ ಉಳಿಯುತ್ತದೆ. ಭಾನುವಾರ ಎರಡು ಗಂಟೆ ಆಡಿದ್ದಕ್ಕೆ ಮಾತ್ರ ಹಾಗಾಗುವುದಿಲ್ಲ. ಟಿವಿ ಬೇಕಿತ್ತು ಅವರಿಗೆ, ಅಷ್ಟೇ.

ಇಷ್ಟೆಲ್ಲ ಮಾಡಿದ ಮೇಲೂ ಉಳಿಯುವುದು

ವೇಗ ಸರಿಹೋಯಿತು, ಲ್ಯಾಗ್ ಹೋಯಿತು, ಬೆರಳಿಗೆ ಹಳೇ ಪಾಠ ನೆನಪಾಯಿತು. ಆದರೂ ಅರ್ಧ ಗಂಟೆಗೆ ಸಪ್ಪೆ. ಈ ಉಳಿಕೆಯೇ ಶುರುವಿನಲ್ಲಿ ಹೇಳಿದ ಮನಸ್ಸಿನ, ವಯಸ್ಸಿನ ಪಾಲು.

ಹಳಹಳಿಕೆಗೆ ಇಂಗ್ಲಿಷಿನವರು ಬಳಸುವ ‘ನಾಸ್ಟಾಲ್ಜಿಯಾ’ ಪದವನ್ನು 1688ರಲ್ಲಿ ಯೋಹಾನೆಸ್ ಹೋಫರ್ ಎಂಬ ಸ್ವಿಸ್ ವೈದ್ಯಕೀಯ ವಿದ್ಯಾರ್ಥಿ ಹುಟ್ಟಿಸಿದ್ದು, ಊರು ಬಿಟ್ಟವರನ್ನು ಕಾಡುವ ಕಾಯಿಲೆಯ ಹೆಸರಾಗಿ. ಈಗ ಅದನ್ನು ಕಾಯಿಲೆ ಅನ್ನುವುದಿಲ್ಲ. ನೆನಪು ಕೆಲಸ ಮಾಡುವ ರೀತಿ ಅನ್ನುತ್ತಾರೆ. ಹತ್ತರಿಂದ ಮೂವತ್ತರ ವಯಸ್ಸಿನ ನೆನಪುಗಳು ಉಳಿದವಕ್ಕಿಂತ ದಟ್ಟವಾಗಿರುತ್ತವೆ. ಒಂದು ಘಟನೆಯ ಕಹಿ ಬೇಗ ಮಾಸುತ್ತದೆ, ಸಿಹಿ ತಡವಾಗಿ ಮಾಸುತ್ತದೆ. ಸರದಿಗೆ ಕಾದದ್ದು, ಅಡಾಪ್ಟರ್ ಕಾದು ಆಫ್ ಮಾಡಿಸಿದ್ದು, ಏಳನೇ ವರ್ಲ್ಡಿನಲ್ಲಿ ಕರೆಂಟು ಹೋಗಿ ಎಲ್ಲ ಸೊನ್ನೆಯಾದದ್ದು, ಇವುಗಳ ಉರಿ ಹೋಗಿದೆ. ಗೆದ್ದ ಒಂದು ದಿನ ಮಾತ್ರ ಹೊಳೆಯುತ್ತಿದೆ.

ಇನ್ನೊಂದು ಕಾರಣ ಆಟದ ಗಾತ್ರ. ಮಾರಿಯೋದಲ್ಲಿ 32 ಸ್ಟೇಜು. 1-2ರ ಚಾವಣಿ ಮೇಲೆ ಓಡಿ ಹೋದರೆ ನಾಲ್ಕನೇ ವರ್ಲ್ಡು, ಅಲ್ಲಿಂದ 4-2ರಲ್ಲಿ ಎಂಟಕ್ಕೆ ದಾರಿ. ಪಳಗಿದವರು ಇಡೀ ಆಟವನ್ನು ಐದು ನಿಮಿಷದೊಳಗೆ ಮುಗಿಸುತ್ತಾರೆ. ಕಾಂಟ್ರಾ ಎಂಟು ಸ್ಟೇಜು, ಸಾಯದೆ ಆಡಿದರೆ ಅರ್ಧ ಗಂಟೆಯ ಕೆಲಸ. ಇಷ್ಟು ಚಿಕ್ಕದನ್ನು ಒಂದು ಇಡೀ ಬೇಸಿಗೆ ರಜೆಗೆ ಹಿಗ್ಗಿಸಿದ್ದು ಅದರ ಕಷ್ಟ ಮತ್ತು ಸೇವ್ ಇಲ್ಲದಿದ್ದುದು. ದೊಡ್ಡವರಾದ ಮೇಲೆ ಎಮ್ಯುಲೇಟರಿನಲ್ಲಿ ಹೆಜ್ಜೆಗೊಮ್ಮೆ ಸೇವ್ ಮಾಡಿ, ಸತ್ತರೆ ರಿವೈಂಡ್ ಮಾಡಿ ಮುಗಿಸುತ್ತಾರೆ. ಗೋಡೆ ಒಡೆದು ನೋಡಿದರೆ ಹಿಂದೆ ಅಂಗೈಯಗಲದ ಹಿತ್ತಲು. ಹಿತ್ತಲು ದೊಡ್ಡದೆನಿಸಿದ್ದು ಗೋಡೆಯ ದೆಸೆಯಿಂದ.

ಇಲ್ಲಿ ಎರಡು ಥರದ ಮುಜುಗರ ಬೆರೆತಿದೆ. ‘ಇಷ್ಟು ದೊಡ್ಡವನಾಗಿ ಮಕ್ಕಳಾಟವಾ’ ಅಂದಾರೆಂಬ ಮುಜುಗರ ಹೊರಗಿನದು, ಬಾಗಿಲು ಹಾಕಿಕೊಂಡರೆ ಹೋಗುತ್ತದೆ. ಇನ್ನೊಂದು ಬಾಗಿಲು ಹಾಕಿದ ಮೇಲೆ ಬರುವಂಥದು: ಅಷ್ಟು ಪ್ರೀತಿಸಿದ್ದು ಈಗ ಬೋರು ಹೊಡೆಸುತ್ತಿದೆಯಲ್ಲ, ಆ ಹುಡುಗನಿಗೆ ದ್ರೋಹ ಮಾಡಿದಂತಲ್ಲವೇ ಅನ್ನುವುದು. ಇದರಲ್ಲಿ ಹುರುಳಿಲ್ಲ. ಇಂಥ ಆಟದ ರುಚಿಯೆಲ್ಲ ಕಲಿಯುವುದರಲ್ಲಿತ್ತು: ಯಾವ ಇಟ್ಟಿಗೆಯೊಳಗೆ ಅಣಬೆ, ಯಾವ ಪೈಪಿನೊಳಗೆ ದಾರಿ, ಆಮೆಯನ್ನು ಯಾವಾಗ ಮೆಟ್ಟಬೇಕು. ಕಲಿತಾಗಿದೆ, ಮರೆತಿಲ್ಲ. ಒಂದನೇ ಕ್ಲಾಸಿನ ಕಾಗುಣಿತ ಈಗ ರೋಮಾಂಚನ ಕೊಡುತ್ತಿಲ್ಲ ಅಂತ ಯಾರೂ ನಾಚುವುದಿಲ್ಲವಲ್ಲ.

ಹಾಗಾಗಿ ಮತ್ತೆ ಆಡುವುದಿದ್ದರೆ ಗೋಡೆಯನ್ನು ಮತ್ತೆ ಕಟ್ಟಿಕೊಳ್ಳಬೇಕು. ಸೇವ್ ಸ್ಟೇಟ್, ರಿವೈಂಡ್ ಎರಡರ ಶಾರ್ಟ್‌ಕಟ್ ಕೀಗಳನ್ನೂ ತೆಗೆದುಹಾಕಿ. ಮಾರಿಯೋದಲ್ಲಿ ಎಲ್ಲ ಲೈಫ್ ಹೋದ ಮೇಲೆ ಟೈಟಲ್ ಪರದೆಯಲ್ಲಿ ಎ ಹಿಡಿದು ಸ್ಟಾರ್ಟ್ ಒತ್ತಿದರೆ ಸತ್ತ ವರ್ಲ್ಡಿನ ಮೊದಲ ಸ್ಟೇಜಿನಿಂದ ಶುರುವಾಗುತ್ತದೆ. ಆಟ ಬರೆದವರೇ ಕೊಟ್ಟ ರಿಯಾಯಿತಿ ಅದು, ಅಷ್ಟು ಸಾಕು. ಆಗ ಮುಟ್ಟಿಯೇ ಇರದ ಒಂದು ಆಟವನ್ನೂ ಜೊತೆಗಿಟ್ಟುಕೊಳ್ಳಿ, ಕಲಿಯುವುದು ಅದರಲ್ಲಿ ಬಾಕಿಯಿದೆ.

ಸಾಧ್ಯವಾದರೆ ಒಬ್ಬರೇ ಆಡಬೇಡಿ. ಈ ಆಟಗಳ ಜಗಳವೆಲ್ಲ ಇಬ್ಬರ ನಡುವಿನದು. ಟ್ಯಾಂಕಿನಲ್ಲಿ ಜೊತೆಯವನಿಗೆ ಗುಂಡು ತಾಗಿದರೆ ಅವನು ಸ್ವಲ್ಪ ಹೊತ್ತು ನಿಂತಲ್ಲೇ ನಿಲ್ಲುತ್ತಾನೆ. ಕಾಂಟ್ರಾದ ಮೂರನೇ ಸ್ಟೇಜ್ ಜಲಪಾತ. ಮೇಲಿನವನು ಒಂದು ಮೆಟ್ಟಿಲು ಹೆಚ್ಚು ಹಾರಿದರೆ ಪರದೆ ಮೇಲಕ್ಕೆ ಸರಿದು ಕೆಳಗಿನವನ ನೆಲವೇ ಮಾಯ, ಅವನು ಸತ್ತ. ಇಬ್ಬರಾಟಕ್ಕೆ ಆ 30 ಲೈಫಿನ ಕೋಡಿನ ಕೊನೆಗೆ ಸೆಲೆಕ್ಟ್ ಒತ್ತಿ ಆಮೇಲೆ ಸ್ಟಾರ್ಟ್ ಒತ್ತಬೇಕು. ಇನ್ನೊಂದು ಸಣ್ಣ ಹೊಂದಾಣಿಕೆ ಬಾಕಿ: ಫ್ಯಾಮಿಕಾಮಿನ ಎರಡನೇ ರಿಮೋಟಿನಲ್ಲಿ ಸ್ಟಾರ್ಟ್, ಸೆಲೆಕ್ಟ್ ಎರಡೂ ಇರಲಿಲ್ಲ, ನಕಲು ಡಬ್ಬಿಗಳಲ್ಲೂ ಬಹುಮಟ್ಟಿಗೆ ಹಾಗೇ. ಆಟ ನಿಲ್ಲಿಸುವ ಅಧಿಕಾರ ಅಣ್ಣನದು ಅಥವಾ ಅಕ್ಕನದು. ಎಮ್ಯುಲೇಟರಿನ ಇನ್‌ಪುಟ್ ಸೆಟ್ಟಿಂಗಿನಲ್ಲಿ ಎರಡನೇ ಆಟಗಾರನ ಸ್ಟಾರ್ಟ್ ಕೀಯನ್ನು ಖಾಲಿ ಬಿಡಿ.